ಎರಡು ಚಿತ್ರಗಳ ನಡುವೆ

ಒಂದು ಚಿತ್ರ ಕರಗಿ ಇನ್ನೊಂದು ಮೂಡುವಾಗ ಆರ್ವಿಡನ ಪಕ್ಕದಲ್ಲಿ ಒಬ್ಬ ಹುಡುಗ ನಿಂತಿದ್ದ. ಚಿತ್ರ ಪೂರ್ತಿ ಮೂಡಿದಾಗ ಹುಡುಗ ಇರಲಿಲ್ಲ.

"ಇನ್ನೊಂದ್ಸಲ ಹಾಕು," ಎಂದಳು ಮಾರ್ಲಿಸ್.

ಟ್ರೂಡಿ ಮತ್ತೆ ಹಾಕಿದಳು. ಮಿನೆಸೋಟದ ಆ ಸಣ್ಣ ಊರಿನಲ್ಲಿ ಅಂತ್ಯಕ್ರಿಯೆ ನಡೆಸಿಕೊಡುವವರ ಕಚೇರಿಯದು. ಸತ್ತವರ ಫೋಟೋಗಳನ್ನು ಜೋಡಿಸಿ ಸ್ಲೈಡ್ ಶೋ ಮಾಡಿಕೊಡುವುದು ಟ್ರೂಡಿಯ ಕೆಲಸ. ಮಾರ್ಲಿಸಳ ಗಂಡ ಆರ್ವಿಡ್ ತೀರಿಕೊಂಡಿದ್ದ, ನಾಳೆ ಮಧ್ಯಾಹ್ನ ಜನ ಅವನ ಮುಖ ನೋಡಲು ಬರುವವರಿದ್ದರು. ಆಗ ಶವಪೆಟ್ಟಿಗೆಯ ಪಕ್ಕದ ಟೀವಿಯಲ್ಲಿ ಇದು ಸುತ್ತಿ ಸುತ್ತಿ ಓಡಬೇಕು. ಒಮ್ಮೆ ನೋಡಿ ಸರಿಯೆನ್ನಲು ತಾಯಿ ಮಗಳು ಬಂದಿದ್ದರು.

ಟ್ರೂಡಿಗೆ ತನ್ನ ಕೈಚಳಕದ ಬಗ್ಗೆ ಸ್ವಲ್ಪ ಜಂಬವೇ ಇತ್ತು. ಹೋದ ವರ್ಷ ಒಂದು ಸಾವಿನಲ್ಲಿ ಯಾರೋ ಸೋದರಳಿಯ ತಾನೇ ಮಾಡಿ ತಂದದ್ದರಲ್ಲಿ ತೊಂಬತ್ತರ ಮುದುಕಿ ಬುಗುರಿಯ ಹಾಗೆ ಗಿರಗಿರನೆ ತಿರುಗಿ ಪರದೆಯಾಚೆ ಹಾರಿಹೋಗಿದ್ದಳು. ಬಂದವರು ಕರವಸ್ತ್ರದಲ್ಲಿ ನಗು ಅದುಮಿಕೊಂಡಿದ್ದರು. ಟ್ರೂಡಿ ಪ್ರತಿ ಚಿತ್ರದಲ್ಲೂ ಸತ್ತವರ ಕಣ್ಣುಗಳನ್ನು ಪರದೆಯ ಒಂದೇ ಜಾಗಕ್ಕೆ ತಂದು ಕೂರಿಸುತ್ತಿದ್ದಳು. ಹಾಗಾಗಿ ಚಿತ್ರ ಬದಲಾದದ್ದೇ ತಿಳಿಯದೆ, ಒಂದೇ ಮುಖ ಇದ್ದಲ್ಲೇ ಮುದಿಯಾಗುತ್ತಾ ಹೋಗುತ್ತಿತ್ತು.

ಈ ಎರಡು ಚಿತ್ರಗಳೂ ಹೆಪ್ಪುಗಟ್ಟಿದ ಕೆರೆಯ ಮೇಲೆ ತೆಗೆದವು. ಮೊದಲನೆಯದರಲ್ಲಿ ಪ್ರಾಯದ ಆರ್ವಿಡ್ ಕೈ ಚಾಚಿ ನಿಂತಿದ್ದಾನೆ. ಆ ಕೈ ಯಾರ ಹೆಗಲ ಮೇಲಿತ್ತೋ ಅವನನ್ನು ಯಾರೋ ಕತ್ತರಿಯಿಂದ ಕತ್ತರಿಸಿ ತೆಗೆದಿದ್ದರು. ಉಳಿದದ್ದು ಆರ್ವಿಡನ ಸೊಂಟ ಬಳಸಿದ ಒಂದು ಕೆಂಪು ತೋಳು, ಮೊಣಕೈಯಲ್ಲಿ ನೀಲಿ ತೇಪೆ. ಎರಡನೆಯದು ಅವನ ಗಾಳದ ಡಬ್ಬಿಯಲ್ಲಿ ಸಿಕ್ಕಿದ್ದು, ಮನೆಯವರು ಅದನ್ನು ಸರಿಯಾಗಿ ನೋಡಿಯೂ ಇರಲಿಲ್ಲ. ತಲೆ ನರೆತ ಆರ್ವಿಡ್. ಪಕ್ಕದಲ್ಲಿ ಮಂಜುಗಡ್ಡೆ ಕೊರೆಯುವ ಉದ್ದನೆಯ ಬೈರಿಗೆ ನೆಟ್ಟಗೆ ನಿಂತಿದೆ, ಅದರ ಹಿಡಿಗೆ ಯಾವುದೋ ಬಟ್ಟೆ ತಗುಲಿಸಿದೆ. ಕಣ್ಣಿಗೆ ಕಣ್ಣು ಕೂರಿಸಿದ್ದರಿಂದ ಆ ಬಟ್ಟೆ ಕತ್ತರಿಸಿದ ಜಾಗಕ್ಕೇ ಬಂದು ನಿಂತಿತ್ತು.

ಅವರ ಮಗ ಕರ್ಟ್ ಎಂಟು ವರ್ಷದವನಿದ್ದಾಗ, ಮಾರ್ಚ್ ತಿಂಗಳ ತೆಳು ಮಂಜುಗಡ್ಡೆ ಒಡೆದು, ಅಪ್ಪನ ಕಣ್ಣೆದುರೇ ಮುಳುಗಿ ಸತ್ತಿದ್ದ. ಆಮೇಲೆ ಆರ್ವಿಡ್ ಮನೆಯಲ್ಲಿ ಅವನ ಹೆಸರೆತ್ತಲು ಬಿಡಲಿಲ್ಲ. ಫೋಟೋಗಳಿಂದ ಅವನನ್ನು ಕತ್ತರಿಸಿದ. ಆಸ್ಪತ್ರೆಯವರು ಚೀಲದಲ್ಲಿ ಹಾಕಿಕೊಟ್ಟ ಒದ್ದೆ ಬಟ್ಟೆಗಳನ್ನು ಎಲ್ಲಿ ಬಿಸಾಕಿದನೋ ಹೇಳಲಿಲ್ಲ. ಮಾರ್ಲಿಸ್ ಅವನಿಗೆ ಅಡಿಗೆ ಮಾಡಿ ಹಾಕಿದಳು, ಪ್ರತಿ ಭಾನುವಾರ ಚರ್ಚಿನಲ್ಲಿ ಪಕ್ಕದಲ್ಲೇ ಕೂತಳು, ಕ್ಷಮಿಸಲಿಲ್ಲ. ನಾಳೆ ತಾನು ಹೊರಗಿನವಳ ಹಾಗೆ ಕೋಟು ಬಿಚ್ಚದೆ ಹಿಂದಿನ ಸಾಲಿನಲ್ಲಿ ಕೂರುತ್ತೇನೆ, ಪೆಟ್ಟಿಗೆಯ ಹತ್ತಿರ ಹೋಗುವುದಿಲ್ಲ ಎಂದು ಬೆಳಿಗ್ಗೆಯೇ ಮಗಳಿಗೆ ಹೇಳಿಟ್ಟಿದ್ದಳು.

"ಆ ಕತ್ತರಿಸಿದ ಫೋಟೋ ತೆಗೆಸ್ಬಿಡಮ್ಮ," ಎಂದಳು ಮಗಳು ಜೊಲೀನ್. "ಜನ ಕೇಳ್ತಾರೆ. ಅಪ್ಪಂಗೂ ಇಷ್ಟ ಇರ್ಲಿಲ್ಲ."

ಮಾರ್ಲಿಸ್ ಅವಳ ಕಡೆ ತಿರುಗಲಿಲ್ಲ. "ಟ್ರೂಡಿ, ಅಲ್ಲೇ ನಿಲ್ಸೋಕಾಗುತ್ತಾ?"

"ನಿಲ್ಸಿದ್ರೆ ಇದಾದ್ರೂ ಬರುತ್ತೆ, ಅದಾದ್ರೂ ಬರುತ್ತೆ, ಮಾರ್ಲಿಸಮ್ಮ. ಇದ್ರಿಂದ ಅದಕ್ಕೆ ದಾಟೋವಾಗ ಮಾತ್ರ ಅವನು ಕಾಣೋದು."

"ಹಂಗಾದ್ರೆ ನಿಧಾನ ಮಾಡು."

ಟ್ರೂಡಿ ಆ ಒಂದು ಬದಲಾವಣೆಯ ಸಮಯವನ್ನು ಹಿಗ್ಗಿಸಿದಳು, ಸಾಲದೆಂದು ಇನ್ನಷ್ಟು ಹಿಗ್ಗಿಸಿದಳು. ಕತ್ತರಿಸಿದ ಬಿಳಿ ಜಾಗದಲ್ಲಿ ಮೆಲ್ಲಗೆ ಕೆಂಪು ಕಟ್ಟಿಕೊಂಡು ಜಾಕೆಟ್ಟಾಯಿತು. ಒಂಟಿ ತೋಳು ಮೈಯನ್ನು ಹುಡುಕಿಕೊಂಡು ಬಂದು ಸೇರಿತು. ಮುಖವಿರಬೇಕಾದಲ್ಲಿ ಬರೀ ಹಿಮ. ಹುಡುಗ ಅಪ್ಪನ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತು ಹೋದ. ಉಳಿದದ್ದು ನರೆತ ಆರ್ವಿಡ್, ಬೈರಿಗೆ, ಅದಕ್ಕೆ ತಗುಲಿಸಿದ ಕೆಂಪು ಜಾಕೆಟ್ಟು. ಅದರ ಮೊಣಕೈಯಲ್ಲೂ ನೀಲಿ ತೇಪೆಯಿತ್ತು.

"ಆ ತೇಪೆ ಹಾಕಿದ್ದು ನಾನು," ಎಂದಳು ಮಾರ್ಲಿಸ್.

ಜೊಲೀನ್ ಮುಂದೆ ಬಗ್ಗಿ ನೋಡಿದಳು. ಕೈಚೀಲದಿಂದ ಕಾರಿನ ಕೀ ತೆಗೆದುಕೊಂಡು ಹೊರಟಳು. ಚಳಿಗಾಲದಲ್ಲಿ ಕೆರೆಯ ಮೇಲೆ ಎಳೆದೊಯ್ದು ಒಳಗೆ ಕೂತು ಮೀನು ಹಿಡಿಯುವ ಅಪ್ಪನ ಮರದ ಗೂಡು ಮನೆಯ ಹಿತ್ತಲಿನಲ್ಲಿತ್ತು. ಅಪ್ಪ ಅದರೊಳಗೆ ಯಾರನ್ನೂ ಬಿಟ್ಟವನಲ್ಲ. ಅವಳು ತೆರೆದು ನೋಡಿದಾಗ ಬಾಗಿಲ ಹಿಂದಿನ ಮೊಳೆಯಲ್ಲಿ ಜಾಕೆಟ್ಟು ನೇತಾಡುತ್ತಿತ್ತು.

ಮರುದಿನ ಜನ ಬಂದರು, ಹ್ಯಾಮ್ ಇಟ್ಟ ಬನ್ನು ತಿಂದು ಕಾಫಿ ಕುಡಿದರು, ಈ ಸಲ ಕೆರೆ ತಡವಾಗಿ ಹೆಪ್ಪುಗಟ್ಟಿದ್ದರ ಬಗ್ಗೆ ಮಾತಾಡಿದರು. ಟೀವಿಯಲ್ಲಿ ಆ ಜಾಗ ಬಂದಾಗಲೆಲ್ಲ ಅದರ ಮುಂದಿದ್ದವರ ಮಾತು ನಿಲ್ಲುತ್ತಿತ್ತು. ಯಾರೂ ಏನೂ ಕೇಳಲಿಲ್ಲ.

ಹಿಂದಿನ ಸಾಲಿನಲ್ಲಿ ಮಾರ್ಲಿಸ್ ಜಾಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳು ಹೊಲಿದ ನೂಲು ಎಂದೋ ಸವೆದುಹೋಗಿ, ತೇಪೆಯನ್ನು ಮೀನಿನ ಗಾಳದ ದಾರದಿಂದ ಮತ್ತೆ ಹೊಲಿಯಲಾಗಿತ್ತು. ದೊಡ್ಡ ದೊಡ್ಡ, ಸೊಟ್ಟ ಹೊಲಿಗೆಗಳು. ಕೊನೆಯಲ್ಲಿ ಆರ್ವಿಡ್ ಗಾಳಕ್ಕೆ ಹಾಕುತ್ತಿದ್ದಂಥದೇ ಗಂಟು. ಅವಳ ಬೆರಳು ಆ ಗಂಟಿನ ಮೇಲೆಯೇ ನಿಂತುಬಿಟ್ಟಿತು.

ಆಮೇಲೆ ಅವಳು ಎದ್ದು ಕೋಟು ಬಿಚ್ಚಿ ಕುರ್ಚಿಯ ಮೇಲಿಟ್ಟಳು. ಪೆಟ್ಟಿಗೆಯ ಬಳಿಗೆ ಹೋಗಿ ಆರ್ವಿಡನ ತೋಳನ್ನು ತುಸು ಎತ್ತಿ ಜಾಕೆಟ್ಟನ್ನು ಅದರಡಿ ಮಲಗಿಸಿದಳು. ಹೊರಗೆ ಹಿಮ ಬೀಳುತ್ತಿತ್ತು. ಅವಳು ಬಗ್ಗಿ ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೂ ಎಳೆದಳು.