ಶಟರ್ ಇಳಿದ ಹೊತ್ತು

ಕಾವ್ಯಾ ಹೊಸ ಬೂಟು ಬಿಚ್ಚಲು ಒಪ್ಪಲಿಲ್ಲ, ಅಷ್ಟೇ ಆದದ್ದು. ಸಿದ್ಧೇಶ್ವರ ಗುಡಿ ಹತ್ತಿರದ ಆ ಸೀರೆ ಅಂಗಡಿ ಇರುವುದು ನೆಲಮಾಳಿಗೆಯಲ್ಲಿ. ಗಾದಿಯ ಮೇಲೆ ಕೂತು ಸೀರೆ ನೋಡಬೇಕು, ಚಪ್ಪಲಿ ಮೇಲೆಯೇ ಬಿಡಬೇಕು. ನಾಲ್ಕು ವರ್ಷದ ಮಗಳ ಹಟಕ್ಕೆ ಸೋತ ವಿಜಯಲಕ್ಷ್ಮೀ, "ಇಲ್ಲೇ ಕಟ್ಟಿ ಮ್ಯಾಲ ಕುಂದ್ರು. ನಾ ಬರೂತನಾ ಏಳಬ್ಯಾಡ," ಎಂದು ಒಬ್ಬಳೇ ಇಳಿದಳು. ಟಿಕೋಟಾದಿಂದ ಪೇಟೆಗೆ ಬಂದದ್ದೇ ಬಸುರಿ ತಂಗಿಯ ಕುಬಸಕ್ಕೆ ಹಸಿರು ಸೀರೆ ಒಯ್ಯಲು. ಐದು ನಿಮಿಷದ ಕೆಲಸ ಎಂದುಕೊಂಡಿದ್ದಳು. ಸೀರೆ ಅಂಗಡಿಯಲ್ಲಿ ಐದು ನಿಮಿಷಕ್ಕೆ ಮುಗಿದ ಕೆಲಸವನ್ನು ಯಾರಾದರೂ ಕಂಡಿದ್ದರೆ ಹೇಳಲಿ.

ಮೂರನೆಯ ಸೀರೆ ಬಿಚ್ಚುವಾಗ ಮೇಲೆ ಶಟರ್ ದಡದಡನೆ ಇಳಿಯಿತು. ಹಿಂದೆಯೇ ದೀಪಗಳು ಹೋದವು. ಆಮೇಲೆ ಬೀದಿಯಲ್ಲಿ ಗದ್ದಲ, ಢಂ ಢಂ ಎಂಬ ಸದ್ದು.

"ಗಲಾಟಿ ಆಗೈತಿ," ಎಂದಿತು ಒಂದು ಗಂಡು ದನಿ. ಹೆಂಡತಿಗೆ ಸೀರೆ ಕೊಳ್ಳಲು ಬಬಲೇಶ್ವರದಿಂದ ಬಂದಿದ್ದ ಸತೀಶಕುಮಾರ. ಈವರೆಗೆ ಎಲ್ಲರಿಗಿಂತ ಜೋರಾಗಿ ಚೌಕಾಸಿ ಮಾಡುತ್ತಿದ್ದವನು ಆತನೇ. "ಗುಂಡು ಹಾರಸಾಕತ್ತಾರ. ಮೊಬೈಲ್ ಬ್ಯಾಟರಿ ಆರಸ್ರಿ, ಬೆಳಕು ಹೊರಗ ಕಂಡೀತು."

ಎಲ್ಲರೂ ಆರಿಸಿದರು. ಅಲ್ಲಿ ಫೋನಂತೂ ಹತ್ತುತ್ತಿರಲಿಲ್ಲ.

ವಿಜಯಲಕ್ಷ್ಮೀ ಧಡಕ್ಕನೆ ಎದ್ದಳು. ಕತ್ತಲಲ್ಲಿ ಸೀರೆಗಳನ್ನು ತುಳಿಯುತ್ತ ಮೆಟ್ಟಿಲಿಗೆ ಓಡಿದಳು. ಒಂದು ಕೈ ಅವಳ ರಟ್ಟೆ ಹಿಡಿಯಿತು.

"ಬಿಡ್ರಿ, ನನ್ನ ಕೂಸು ಹೊರಗೈತಿ."

"ಶಟರ್ ಬಡದ್ರ ಅವರು ಒಳಗ ನುಗ್ತಾರ್ರಿ," ಎಂದ ಸತೀಶಕುಮಾರ. ಕೈ ಬಿಡಲಿಲ್ಲ. "ಒಂದು ಕೂಸಿನ ಸಲುವಾಗಿ ಎಲ್ಲಾರೂ ಸಾಯೂಣೇನು?"

ಮೂಲೆಯಲ್ಲಿದ್ದ ಮುದುಕಿ ಗುರುಬಸವ್ವನಾದರೂ ಏನಾದರೂ ಅಂದಾಳು ಎಂದು ವಿಜಯಲಕ್ಷ್ಮೀ ಕಾದಳು. ಈಗಷ್ಟೇ ಅವಳ ಗಲ್ಲ ಸವರಿ, ಹಸಿರು ನಿನಗೂ ಒಪ್ಪುತ್ತದೆ ಎಂದಿದ್ದ ಮುದುಕಿ.

"ಅವರು ಅನ್ನೂದು ಖರೇ ಐತಿ. ಸುಮ್ನ ಕುಂದ್ರವಾ," ಎಂದಳು ಗುರುಬಸವ್ವ.

ಢಂ ಢಂ ಇನ್ನೂ ಹತ್ತಿರ ಬಂತು. ಈಗ ವಿಜಯಲಕ್ಷ್ಮಿಗೆ ಹೊರಗಿನವರಿಗಿಂತ ಒಳಗಿನವರದೇ ಹೆಚ್ಚು ಭಯವಾಯಿತು. ಏಳಬೇಡ ಎಂದವಳು ತಾನೇ. ಯಾರು ಮೈಮೇಲೆ ಬಂದರೂ ಆ ಹುಡುಗಿ ಏಳುವುದಿಲ್ಲ. ವಿಜಯಲಕ್ಷ್ಮೀ ತನ್ನ ರಟ್ಟೆ ಹಿಡಿದಿದ್ದ ಕೈಯನ್ನು ಕಚ್ಚಿದಳು. ಆತ "ಯಪ್ಪಾ" ಎಂದು ಬಿಟ್ಟ. ಎಡವಿ, ಮೊಣಕಾಲು ತರಚಿಕೊಂಡು, ಮೆಟ್ಟಿಲು ಹತ್ತಿ ಎರಡೂ ಕೈಯಿಂದ ಶಟರ್ ಬಡಿದಳು.

ಸ್ವಲ್ಪ ಹೊತ್ತಿಗೆ ಶಟರ್ ಎದ್ದಿತು. ಹೊರಗೆ ನಡುಹಗಲ ಬಿಸಿಲು. ಅಂಗಡಿಯ ಮಾಲೀಕ ಈರಯ್ಯ ನಿಂತಿದ್ದ.

"ಯಾಕವಾ? ಹೆಣಾ ಹೊಂಟಿತ್ತು, ಶಟರ್ ಇಳಿಸಿ ಲೈಟ್ ಆರಿಸಿದ್ನಿ. ಪಟಾಕಿಗೆ ಅಂಜಿದ್ರೇನು?"

ಹೆಣ ಹೋಗುವಾಗ ಶಟರ್ ಇಳಿಸುವುದು ಆ ಬಜಾರಿನ ರೂಢಿ. ಒಳಗಿದ್ದವರಿಗೆಲ್ಲ ಅದು ಗೊತ್ತಿತ್ತು, ಒಬ್ಬರಿಗೂ ಹೊಳೆದಿರಲಿಲ್ಲ. ಇಷ್ಟೇನಾ ಎಂದು ಎಲ್ಲರೂ ನಗುತ್ತ ಮೇಲೆ ಬಂದು ಚಪ್ಪಲಿ ಹುಡುಕತೊಡಗಿದರು.

ಕಾವ್ಯಾ ಕಟ್ಟೆಯ ಮೇಲೆಯೇ ಇದ್ದಳು, ಬೂಟುಗಾಲು ಆಡಿಸುತ್ತ. ಹೆಣದ ಮೆರವಣಿಗೆಯವರು ಎರಚಿದ ಚುರಮುರಿ ಅವಳ ಉಡಿಯಲ್ಲಿ ಬಿದ್ದಿತ್ತು.

"ಅವ್ವಾ, ಒಬ್ಬ ಅಜ್ಜ ಹಾರ ಹಾಕ್ಕೊಂಡು ಕುಂತು ಹೊಂಟಿದ್ದ. ನಾ ಟಾಟಾ ಮಾಡಿದ್ನಿ. ಅಂವ ಮಾಡಲಿಲ್ಲ."

ವಿಜಯಲಕ್ಷ್ಮೀ ಚುರಮುರಿ ಕೊಡವಿ ಮಗಳನ್ನು ಎತ್ತಿಕೊಂಡಳು. ಸತೀಶಕುಮಾರ ಹತ್ತಿರ ಬಂದ.

"ಕೂಸು ಭಾಳ ಶಾಣ್ಯಾ ಐತ್ರಿ," ಎಂದ.

ಅವಳು ಬಸ್ ನಿಲ್ದಾಣದ ದಾರಿ ಹಿಡಿದಳು. ತಾಯಿಯ ಹೆಗಲ ಮೇಲಿಂದ ಕಾವ್ಯಾ ಆತನಿಗೂ ಟಾಟಾ ಮಾಡಿದಳು. ಹಲ್ಲಿನ ಗುರುತು ಮೂಡಿದ್ದ ಕೈಯನ್ನು ಆತ ಎತ್ತಲಿಲ್ಲ.