ತಾರೀಕಿಲ್ಲದ ರಾಜೀನಾಮೆ

ನನ್ನದೇ ಅಕ್ಷರ, ಕಟಕಟೆಯಿಂದಲೇ ಗೊತ್ತಾಗುತ್ತದೆ, ಎದುರು ಪಕ್ಷದ ವಕೀಲರು ಹಾಳೆ ಎತ್ತಿ ಹಿಡಿದಾಗ ಕಿಟಕಿಯ ಬೆಳಕಿಗೆ ಸಾಲುಗಳೆಲ್ಲ ಕೂರಿಗೆ ಹೊಡೆದ ಹಾಗೆ ನೆಟ್ಟಗೆ ಕಾಣುತ್ತಿವೆ, ಹರಿಹರದ ಹೈಸ್ಕೂಲಿನಲ್ಲಿ ಎಂಟು ವರ್ಷ ಕನ್ನಡ ಬರೆಯಲು ಕಲಿಸಿದ ಕೈ, ಅಕ್ಷರ ನಿಮ್ದೇನ್ರಿ ಯೋಗರಾಜ್, ನಂದೇ ಸರ್, ಸಹಿ, ಅದೂ ನಂದೇ, ಮತ್ತೆ ನೀವೇ ಬಿಟ್ಟು ಹೋಗೀರಿ, ತೆಗೆದ್ರು ಅನ್ನೋದು ಎಲ್ಲಿ ಬಂತು — ಹಿಂದೆ ಯಾರೋ ನಕ್ಕರು — ಬರೆದದ್ದು ಕೆಲಸಕ್ಕೆ ಸೇರಿದ ದಿನ, ಶಾಲೆಯ ಕಾರ್ಯದರ್ಶಿ ಮಾಲತೇಶಪ್ಪನವರು ಚಹಾ ತರಿಸಿ, ಕುಡೀರಿ ಮೇಷ್ಟ್ರೇ, ಹಂಗೇ ಒಂದು ರಾಜೀನಾಮೆ ಬರೆದಿಡ್ರಿ, ನಮ್ಮಲ್ಲಿ ಎಲ್ಲಾರೂ ಬರೀತಾರೆ, ತಾರೀಕು ಮಾತ್ರ ಹಾಕಬ್ಯಾಡ್ರಿ, ಬೀರುನಾಗೆ ಬಿದ್ದಿರ್ತೈತೆ, ನಾನೋ ಕೆಲಸ ಸಿಕ್ಕ ಹಿಗ್ಗಿನಲ್ಲಿ ಗೆರೆಯಿಲ್ಲದ ಹಾಳೆ ಕೇಳಿ ಪಡೆದು, ವೈಯಕ್ತಿಕ ಕಾರಣಗಳಿಂದ, ಎಂದು ಚೆಂದ ಬರೆದುಕೊಟ್ಟೆ, ಮುತ್ತು ಪೋಣಿಸಿದಂಗೈತಲ್ರೀ ಅಂದರು, ತಾರೀಕು ಬಿದ್ದದ್ದು ಹೋದ ವರ್ಷ ಜೂನ್‌ನಲ್ಲಿ, ಬೇರೆ ಕೈ, ಬೇರೆ ಶಾಯಿ, ಉಕ್ಕಡಗಾತ್ರಿಯ ಹೊಳೆದಂಡೆಯಲ್ಲಿ ತೌಸೀಫ್ ನನ್ನ ಹೆಗಲಿಗೆ ತಲೆಯಾನಿಸಿ ಕೂತಿದ್ದ ಫೋಟೊ ಪೋಷಕರ ಮೊಬೈಲುಗಳಲ್ಲಿ ಓಡಾಡಿದ ವಾರ, ಬರೀ ಗೆಳೆಯ ಅಂದಿದ್ದರೆ ಮುಗಿದುಹೋಗುತ್ತಿತ್ತೇನೋ, ಏಳು ವರ್ಷದಿಂದ ಒಂದೇ ಮನೆಯಲ್ಲಿ ಬಾಳುತ್ತಿದ್ದೇವೆ ಅಂದೆ, ಮಾಲತೇಶಪ್ಪನವರ ಮುಂದೆ ಸುಳ್ಳು ಬಾಯಿಗೆ ಬರಲಿಲ್ಲ, ನಿಮ್ಮಂಥೋರನ್ನ ಹುಡುಗ್ರ ಮುಂದೆ ಹೆಂಗ್ರಿ ನಿಲ್ಲಿಸೋದು, ಮರುದಿನ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮೇಲೆ ಕೆಂಪು ಗೆರೆ, ಗಣಿತದ ಅಂಕಿತಾ ಮೇಡಂ ಪಕ್ಕದಲ್ಲೇ ನಿಂತು ನೋಡಿದವರು, ಸಾಕ್ಷಿ ಹೇಳ್ರಿ ಅಂದರೆ ಅತ್ತುಬಿಟ್ಟರು, ನಂದೂ ಅದೇ ಬೀರುನಾಗೈತೆ ಸರ್.

ಈಗ ನನ್ನ ವಕೀಲರು, ಆಶಾರಾಣಿ ಮೇಡಂ, ಎದ್ದಿದ್ದಾರೆ, ವಿದ್ಯಾನಗರದ ಆಫೀಸಿನಲ್ಲಿ ಹತ್ತು ಸಲ ಹೇಳಿದ್ದರು, ಶಾಯಿ ಒಂದನ್ನೇ ನಂಬಿ ಕೂತ್ರೆ ಆಗಲ್ಲ, ಯಾಕ ತೆಗೆದ್ರು ಅನ್ನೋದು ನಿಮ್ಮ ಬಾಯಿಂದಾನೇ ಬರಬೇಕು, ಅರ್ಜಿಯಲ್ಲಿ ಇಂಗ್ಲಿಷಿನಲ್ಲಿ ಟೈಪಾದಾಗ ಅದು ಬೇರೆ ಯಾರದೋ ಸಂಗತಿ ಅನ್ನಿಸಿತ್ತು, ಕನ್ನಡದಲ್ಲಿ ಹೇಳಬೇಕು, ಹೇಳಿಬಿಡುತ್ತಿದ್ದೆ, ದಾವಣಗೆರೆ ಬರುವತನಕ ಬಸ್ಸಿನಲ್ಲಿ ತುಟಿಯೊಳಗೇ ಹೇಳಿಕೊಂಡು ಬಂದೆ, ಆದರೆ ಅವ್ವ — ಬರಬ್ಯಾಡ ಅಂದರೂ ಮಾಯಕೊಂಡದಿಂದ ನನಗಿಂತ ಮೊದಲೇ ಬಂದು ಕೋರ್ಟಿನ ಮೆಟ್ಟಿಲ ಮೇಲೆ ಕೂತಿದ್ದಳು, ಕಾಯಂ ಮಾಡ್ರಿ ಅಂತ ಕೇಳಿದ್ದಕ್ಕೆ ತೆಗೆದರು ಎಂದು ಅವಳಿಗೆ ನಾನು ಹೇಳಿದ ಸುಳ್ಳನ್ನೇ ನಂಬಿಕೊಂಡು, ನೀನೇನು ಕದ್ದಿಯೇನಲೇ, ಹೆದರಬ್ಯಾಡ, ಜೋರಾಗಿ ಹೇಳು, ನನಗೂ ಕೇಳ್ಲಿ.

ಹೇಳ್ರಿ ಸರ್, ಯಾಕ ತೆಗೆದ್ರು — ನ್ಯಾಯಾಧೀಶರು ತಲೆಯೆತ್ತಿದ್ದಾರೆ, ಟೈಪ್ ಮಾಡುವವರ ಬೆರಳು ನಿಂತಿವೆ, ಸುಮ್ಮನಿದ್ದರೆ ಅದು ರಾಜೀನಾಮೆ, ಬಾಯಿ ಬಿಟ್ಟರೆ ಅವ್ವ ಸಂಜೆ ಆ ಮಾತನ್ನು ಹೊತ್ತುಕೊಂಡು ಮಾಯಕೊಂಡದಲ್ಲಿ ಬಸ್ಸಿಳಿಯಬೇಕು, ಕೊನೆಯ ಬೆಂಚಿನಿಂದ ಎದ್ದು ಮುಂದಿನದಕ್ಕೆ ಬಂದಳು, ಕೇಳಿಸುತ್ತಿಲ್ಲ ಅವಳಿಗೆ, ಸೆರಗು ಹಿಂದಕ್ಕೆ ಸರಿಸಿ ಕಿವಿಯ ಹಿಂದೆ ಅಂಗೈ ಬಟ್ಟಲು ಮಾಡಿ ಹಿಡಿದಿದ್ದಾಳೆ, ಅವರು ನನ್ನನ್ನು, ಎಂದೆ, ಇನ್ನೊಂದು ಬೆಂಚು ಮುಂದೆ ಬಂದಳು, ಕೈ ಹಾಗೇ ಇದೆ, ನನ್ನನ್ನು, ಅವರು — ಕಿವಿಯ ಹಿಂದೆ ಆ ಕೈ, ಕಳೆ ಕಿತ್ತು ಸೀಳಿದ ಬೆರಳು, ಬಳೆ ಮೊಣಕೈಗೆ ಜಾರಿದೆ, ಆ ಕೈ, ಕಿವಿಯ ಹಿಂದೆ, ಆ ಕೈ