ಜಜ್ಜಿದ ಸೌತೆಕಾಯಿ

ಮಗ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಅವನು ನೋಡಿಕೊಳ್ಳುತ್ತಿದ್ದ ಕಟ್ಟಡವೊಂದರ ನೆಲಮಹಡಿಯಲ್ಲಿ ಚೀನೀ ಊಟದ ಹೋಟೆಲಿತ್ತು. ಅಲ್ಲಿನ ಅಡುಗೆಯವನ ಹತ್ತಿರ ಒಂದೇ ಒಂದು ಅಡುಗೆ ಕಲಿತು ಬಂದು, ಬೇಸಿಗೆಯ ಭಾನುವಾರಗಳಲ್ಲಿ ತಾಯಿ ಮತ್ತು ಹೆಂಡತಿಯ ಮುಂದೆ ಮೆರೆಯುತ್ತಿದ್ದ. ಸೌತೆಕಾಯಿಯನ್ನು ಹಲಗೆಯ ಮೇಲಿಟ್ಟು, ಅಗಲ ಚಾಕುವಿನ ಚಪ್ಪಟೆ ಮೈಯಿಂದ ಧಪ್ಪೆಂದು ಜಜ್ಜಿ ಮಾಡುವ ಸಲಾಡ್. ಕೆಳಗಿನ ಮನೆಯಾಕೆ ಮೆಟ್ಟಿಲು ಹತ್ತಿ ಬಂದು, "ಏನ್ರೀ, ಗಂಡ ಹೆಂಡ್ತಿ ಕೈ ಕೈ ಮಿಲಾಯಿಸ್ತಿದೀರಾ?" ಎಂದು ವಿಚಾರಿಸಿದ್ದೂ ಉಂಟು.

ಕೆಲಸದ ವೇಳೆ ಲಿಫ್ಟಿನ ಗುಂಡಿಗೆ ಬಿದ್ದು ಅವನು ತೀರಿಕೊಂಡ ಮೇಲೆ ಆ ಮನೆಗೆ ಸೌತೆಕಾಯಿ ಬರಲಿಲ್ಲ.

ಉಳಿದವರು ಇಬ್ಬರು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಬಿಗಿ ಸಡಿಲ ಮಾಡಿಕೊಡುವ ತಾಯಿ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಸೊಸೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ; ಇವರಿಬ್ಬರಿಗೆ ಒಟ್ಟಿಗೇ ಕೆಟ್ಟಕಾಲ ಬಂದಿತ್ತು. ಸೊಸೆ ಅನ್ನ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಅವಳನ್ನು ಎಬ್ಬಿಸಿ, ತಲೆ ಬಾಚಿ, ಬಾಯಿಗೆ ತುತ್ತಿಟ್ಟು, ಮತ್ತೆ ಕೆಲಸಕ್ಕೆ ಕಳಿಸುವಷ್ಟರಲ್ಲಿ ತಾಯಿಗೆ ಅಳಲು ಪುರುಸೊತ್ತೇ ಆಗಲಿಲ್ಲ. ನೋಡಿದವರು "ಗಟ್ಟಿ ಜೀವ" ಅಂದರು.

ಎರಡು ವರ್ಷ ಕಳೆಯಿತು. ಸೂಜಿಗೆ ದಾರ ಪೋಣಿಸಲು ಕಣ್ಣು ಮಂಜಾಗಿ ಅತ್ತೆ ಕನ್ನಡಕದ ಅಂಗಡಿಗೆ ಹೋದಳು. ಅಂಗಡಿಯವನು ಹೆಂಡತಿ ಸತ್ತವನು, ಸೊಸೆಯ ಲ್ಯಾಬಿನ ಪಕ್ಕದಲ್ಲೇ ಅವನ ಅಂಗಡಿ. ಅಳತೆ ನೋಡಿ ಮುಗಿಸಿದವನು ಹಿಂಜರಿಯುತ್ತ ಬಾಯಿಬಿಟ್ಟ.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಸೊಸೇನ ಮದುವೆ ಆಗ್ತೀರಾ ಅಂತ ಕೇಳಿದ್ದೆ. ಅತ್ತೆ ಒಬ್ರೇ ಆಗ್ತಾರೆ, ಆಗಲ್ಲ ಅಂದ್ರು."

ಆಗಲ್ಲ ಅಂದಳಲ್ಲ ಎಂದು ಮೊದಲು ಅತ್ತೆಗೆ ಖುಷಿಯೇ ಆಯಿತು. ಅಂಗಡಿಯಿಂದ ಇಳಿದು ರಸ್ತೆಯ ತಿರುವಿನವರೆಗೆ ಹೋದಳು. ಅಲ್ಲಿ ಆ ಖುಷಿಗೆ ತನಗೇ ನಾಚಿಕೆಯಾಯಿತು. ತಿರುಗಿ ಬಂದು, "ಭಾನುವಾರ ನಮ್ಮನೆಗೆ ಊಟಕ್ಕೆ ಬನ್ನಿ" ಅಂದಳು.

ಆ ಭಾನುವಾರ ಸೊಸೆ ಅರ್ಧ ದಿನದ ಪಾಳಿ ಮುಗಿಸಿ ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದಳು. ಪಕ್ಕದಲ್ಲಿ ಬೆಳ್ಳುಳ್ಳಿ, ವಿನೆಗರ್, ಸೋಯಾ ಸಾಸಿನ ಹೊಸ ಶೀಶೆ.

"ಇದೇನತ್ತೆ?"

"ಕನ್ನಡಕದವರು ಊಟಕ್ಕೆ ಬರ್ತಾರೆ. ನಾನೇ ಕರೆದೆ."

ಸೊಸೆಯ ಮುಖ ಕೆಂಪೇರಿತು. "ಕರೆದ್ರೆ ಕರೀರಿ. ಅನ್ನ ಹಾಕಿ ಕಳಿಸಿ. ಇದನ್ನ್ಯಾಕೆ ಮಾಡ್ತಿದೀರಿ? ಇದು ಅವರು ಮಾಡ್ತಿದ್ದದ್ದು. ಯಾರ್ಯಾರಿಗೋ ಬಡಿಸೋದಕ್ಕಲ್ಲ."

"ಮತ್ತೆ ಯಾರಿಗೆ? ನಾವಿಬ್ರೂ ಬಾಯಿ ಕಟ್ಕೊಂಡು ಕೂತು ಎರಡು ವರ್ಷ ಆಯ್ತು. ಅವನ ಹೆಸರೆತ್ತಲ್ಲ, ಅವನು ತಿಂದದ್ದು ತಿನ್ನಲ್ಲ. ಸತ್ತವನನ್ನ ನಾವೇ ಇನ್ನೊಂದ್ಸಲ ಸಾಯಿಸಿದ ಹಾಗಲ್ವೇನೇ?"

"ನನ್ನನ್ನ ಹೊರಗೆ ಕಳಿಸೋ ಆತುರ ನಿಮಗೆ."

ಅತ್ತೆ ಇನ್ನೊಂದು ಸೌತೆಕಾಯಿ ಎತ್ತಿಕೊಂಡು ಹೆಚ್ಚತೊಡಗಿದಳು. ಹೋಳುಗಳು ತೆಳ್ಳಗೆ, ಬಿಲ್ಲೆ ಬಿಲ್ಲೆಯಾಗಿ ಬೀಳುತ್ತಿದ್ದವು. ಸೊಸೆಗೆ ಅದನ್ನು ನೋಡುತ್ತ ನಿಲ್ಲಲಾಗಲಿಲ್ಲ.

"ಹಾಗಲ್ಲ. ಹೆಚ್ಚಬಾರದು, ಜಜ್ಜಬೇಕು. ಸಿಪ್ಪೆ ಬಿರುಕು ಬಿಟ್ರೇನೇ ರಸ ಒಳಗಿಳಿಯೋದು. ಕೊಡಿ ಇಲ್ಲಿ."

ಉಳಿದ ಸೌತೆಕಾಯಿಗಳನ್ನು ಹಲಗೆಯ ಮೇಲಿಟ್ಟು, ಚಾಕುವನ್ನು ಮಲಗಿಸಿ ಅಂಗೈಯಿಂದ ಗುದ್ದಿದಳು. ಕಾಯಿ ಉದ್ದಕ್ಕೂ ಸೀಳಿತು. ಇನ್ನೊಂದು ಗುದ್ದು, ಮತ್ತೊಂದು. ಬೀಜ ಅವಳ ಕೆನ್ನೆಗೆ ಸಿಡಿಯಿತು. ಮೂರನೆಯ ಕಾಯಿಗೆ ಬರುವಷ್ಟರಲ್ಲಿ ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ಆದರೂ ಕೈ ನಿಲ್ಲಿಸಲಿಲ್ಲ. ಅತ್ತೆ ಪಕ್ಕದಲ್ಲಿ ನಿಂತು ತುಂಡುಗಳನ್ನು ಬಟ್ಟಲಿಗೆ ತುಂಬಿ ಉಪ್ಪು ಬೆರೆಸಿದಳು.

"ನೀರು ಬಿಡೋವರೆಗೂ ಇಡ್ತಿದ್ದ, ಅಲ್ವಾ?"

"ಹೂಂ. ಆಮೇಲೆ ಬಸೀತಿದ್ರು. ಬೆಳ್ಳುಳ್ಳಿ ಜಾಸ್ತಿ ಹಾಕ್ತಿದ್ರು."

"ಸಕ್ಕರೆ?"

"ಒಂದು ಚಿಟಿಕೆ."

ಬಸಿದ ತುಂಡುಗಳಿಗೆ ವಿನೆಗರ್, ಸಾಸು, ಎಳ್ಳೆಣ್ಣೆ, ಹುರಿದ ಎಳ್ಳು, ಮೆಣಸಿನಕಾಯಿ ಕಾಸಿದ ಎಣ್ಣೆ ಬಿದ್ದವು. ಎರಡು ವರ್ಷದಲ್ಲಿ ಅವನ ಬಗ್ಗೆ ಅವರು ಆಡಿದ ಮೊದಲ ಮಾತುಗಳು ಇವೇ.

ಕನ್ನಡಕದವನು ಇಸ್ತ್ರಿ ಅಂಗಿ ಹಾಕಿಕೊಂಡು, ಬೆವರುತ್ತ ಬಂದ. ಫ್ರಿಜ್ಜಿನಿಂದ ತೆಗೆದ ಬಟ್ಟಲಿನ ತಣ್ಣನೆಯ ತುಂಡೊಂದು ಬಾಯಿಗಿಟ್ಟವನೇ, "ಆಹಾ, ಜೀವ ತಂಪಾಯ್ತು. ಯಾರ ಕೈರುಚಿ ಇದು?" ಎಂದು ಕೇಳಿದ.

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನನ್ನ ಗಂಡಂದು" ಅಂದಳು ಸೊಸೆ.

ಅವನು ಗಾಬರಿಯಾಗಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. ತಟ್ಟೆ ಮುಂದೆ ಚಾಚಿದ. "ಇನ್ನೊಂಚೂರು ಹಾಕಿ. ಅವರ ವಿಷಯ ಹೇಳಿ, ಕೇಳ್ತೀನಿ."

ಸೊಸೆ ಹೇಳಿದಳು. ಊಟ ಮುಗಿದು ಕೈ ಒಣಗಿದರೂ ಹೇಳುತ್ತಲೇ ಇದ್ದಳು. ಅತ್ತೆಗೆ ಅಲ್ಲೇ ಗೊತ್ತಾಯಿತು, ಇವಳು ಇನ್ನು ಈ ಮನೆಯಲ್ಲಿ ಹೆಚ್ಚು ದಿನ ಇರುವವಳಲ್ಲ.

ಮಳೆಗಾಲಕ್ಕೆ ಮುಂಚೆ ಕಚೇರಿಯೊಂದರಲ್ಲಿ ಸಹಿ ಹಾಕಿ ಅವರ ಮದುವೆಯಾಯಿತು. ನಮ್ಮ ಜೊತೆಗೇ ಬಂದು ಇರಿ ಎಂದು ಇಬ್ಬರೂ ಕೈ ಹಿಡಿದು ಕರೆದರು. "ಹೊಸ ಸಂಸಾರದಲ್ಲಿ ಹಳೇ ಅತ್ತೆ ಯಾಕೆ? ಹೋಗ್ರಪ್ಪಾ" ಎಂದು ಅತ್ತೆ ನಗುತ್ತಲೇ ಅವರನ್ನು ಆಟೋ ಹತ್ತಿಸಿದಳು. ಸೊಸೆ ಆಟೋದ ಬದಿಯಿಂದ ತಲೆ ಹೊರಗೆ ಹಾಕಿ, ತಿರುವು ಬರುವವರೆಗೂ ನೋಡುತ್ತಲೇ ಇದ್ದಳು.

ಅತ್ತೆ ಮನೆಗೆ ಬಂದು ಬಾಗಿಲು ಹಾಕಿದಾಗ ಮಧ್ಯಾಹ್ನದ ಬಿಸಿಲು ಹೊಲಿಗೆ ಯಂತ್ರದ ಮೇಲೆ ಬಿದ್ದಿತ್ತು. ಎಬ್ಬಿಸಬೇಕಾದವರು ಯಾರೂ ಇರಲಿಲ್ಲ, ತುತ್ತಿಡಬೇಕಾದವರೂ ಇರಲಿಲ್ಲ. ಅವಳು ಸ್ಟೂಲಿನ ಮೇಲೆ ಕುಕ್ಕರಿಸಿದಳು. ಎರಡು ವರ್ಷ ಎಲ್ಲಿ ಅಡಗಿತ್ತೋ ಏನೋ, ಮಗ ಸತ್ತ ದುಃಖ ಆಗ ಉಕ್ಕಿ ಬಂತು. "ಕಂದಾ, ಕಂದಾ" ಎಂದು ಗಟ್ಟಿಯಾಗಿ, ನಾಚಿಕೆ ಬಿಟ್ಟು ಅತ್ತಳು. ಕೆಳಗಿನ ಮನೆಯಾಕೆ ಓಡಿ ಬಂದು ಬಾಗಿಲು ತಟ್ಟಿದಳು. ತೆರೆದಾಗ ಒಳಗೆ ಬಂದು, ಪಕ್ಕದಲ್ಲಿ ನೆಲದ ಮೇಲೆ ಕೂತು, ಅವಳ ಬೆನ್ನು ಸವರಿದಳು.